ಮೂರು ಕಾಲಿನ ಉಪವಾಸಿ

ಎಂಬತ್ತಮೂರನೇ ಇಸವಿಯ ಮಳೆಗಾಲದಲ್ಲಿ ಖಾನಾಪುರದವರು ನಂಬಲಾಗದ ಮಾತಿಗೆಲ್ಲ ಒಂದು ಹೊಸ ಹೆಸರಿಟ್ಟಿದ್ದರು: ಟಿಳಕವಾಡಿ ಸುದ್ದಿ. ಲೋಂಡಾದ ಗಾಡಿ ಇವತ್ತು ವೇಳೆಗೆ ಸರಿಯಾಗಿ ಬರುತ್ತದೆ ಎಂದು ಯಾರಾದರೂ ಅಂದರೆ, ಸ್ಟೇಷನ್ನಿನಲ್ಲಿ ಚಹಾ ಮಾರುವ ಸಿದರಾಯ ಕೆಟಲಿಯಿಂದ ಕಣ್ಣೆತ್ತದೆ, "ಟಿಳಕವಾಡಿ ಸುದ್ದಿ ಹೇಳಬ್ಯಾಡೋ" ಎನ್ನುತ್ತಿದ್ದ. ಸಂತೆಯಲ್ಲಿ ಬದನೆಕಾಯಿಯವಳು ಇವತ್ತೇ ಹರಿದದ್ದು ಎಂದು ಆಣೆ ಮಾಡಿದರೂ ಅವಳಿಗೆ ಅದೇ ಉತ್ತರ ಸಿಗುತ್ತಿತ್ತು. ಈ ಮಾತು ಹುಟ್ಟಲು ಕಾರಣಳಾದವಳು ಮಾತ್ರ ದಿನಾ ಮುಂಜಾನೆ ಅದೇ ಸ್ಟೇಷನ್ನಿನಲ್ಲಿ ಇಳಿದು, ಕೊಡೆ ಬಿಚ್ಚಿ, ಏನೂ ಕೇಳಿಸದವಳ ಹಾಗೆ ಶಾಲೆಯ ದಾರಿ ಹಿಡಿಯುತ್ತಿದ್ದಳು.

ಅವಳು ಅಕ್ಕಾತಾಯಿ. ಬೆಳಗಾವಿಯ ಟಿಳಕವಾಡಿಯಲ್ಲಿ ಒಂದು ಜೈನರ ಮನೆಯ ಸೊಸೆ, ಪ್ರಾಣಿಶಾಸ್ತ್ರ ಓದಿದವಳು, ಖಾನಾಪುರದ ಕನ್ನಡ ಶಾಲೆಯಲ್ಲಿ ವಿಜ್ಞಾನ ಕಲಿಸುವ ಬಾಯಾರು. ಪಾಠ ಚೆನ್ನಾಗಿಯೇ ಹೇಳುತ್ತಿದ್ದಳು. ಆದರೆ ಅವಳಿಗೊಂದು ಚಪಲವಿತ್ತು. ಪುಸ್ತಕದಲ್ಲಿದ್ದದ್ದು ಮುಗಿದು ಗಂಟೆ ಹೊಡೆಯಲು ಸ್ವಲ್ಪ ಹೊತ್ತು ಉಳಿಯಿತೋ, ಜಗತ್ತಿನ ಯಾವುದೋ ಮೂಲೆಯಿಂದ ಒಂದು ವಿಚಿತ್ರ ಪ್ರಾಣಿಯನ್ನು ಎಳೆದು ತಂದು ತರಗತಿಯ ನಡುವೆ ಬಿಡುತ್ತಿದ್ದಳು. ಮೊಟ್ಟೆಯಿಟ್ಟು ಮರಿಗೆ ಹಾಲು ಕೊಡುವ ಪ್ರಾಣಿ ಬಂತು. ನೀರಿನಿಂದೆದ್ದು ಕೆಸರಿನಲ್ಲಿ ಅಡ್ಡಾಡುವ ಮೀನು ಬಂತು. ಮಕ್ಕಳು ಮೊದಮೊದಲು ಬಾಯಿ ಬಿಟ್ಟು ಕೇಳಿದರು, ಆಮೇಲೆ ಬಾಯಿಗೆ ಕೈ ಅಡ್ಡ ಹಿಡಿದು ನಗತೊಡಗಿದರು. ಪಾಪ, ಅವಳು ಹೇಳಿದ್ದರಲ್ಲಿ ಒಂದಾದರೂ ಸುಳ್ಳಿರಲಿಲ್ಲ.

ಕೆಲಸ ಪೂರಾ ಕೆಟ್ಟದ್ದು ಕಪ್ಪೆಯ ಪಾಠದ ದಿನ. ಏಳನೇ ಇಯತ್ತೆಯ ಮಕ್ಕಳಿಗೆ ಕಪ್ಪೆಯ ಮರಿ ನೀರಿನಲ್ಲಿ ಕಿವಿರಿನಿಂದ ಉಸಿರಾಡುತ್ತದೆ, ದೊಡ್ಡದಾದ ಮೇಲೆ ಬಾಲ ಕರಗಿಸಿಕೊಂಡು ದಂಡೆಗೆ ಬರುತ್ತದೆ ಎಂದು ಹೇಳುವಾಗ ಮುಂದಿನ ಸಾಲಿನ ರೇಣವ್ವ ಆಕಳಿಸಿದಳು. ರೇಣವ್ವನ ಮನೆ ಮಲಪ್ರಭೆಯ ದಂಡೆಯಲ್ಲಿ. ಅವಳಿಗೆ ಕಪ್ಪೆಯ ಪಾಠ ಹೇಳುವುದೆಂದರೆ ಬಡಿಗೇರ ಮನೆಯಲ್ಲಿ ಉಳಿ ತೋರಿಸಿದ ಹಾಗೆ. ಆ ಆಕಳಿಕೆ ಅಕ್ಕಾತಾಯಿಗೆ ಚುಚ್ಚಿತು.

"ಆದ್ರ ದೊಡ್ಡದಾಗದಽ ಇರೂ ಒಂದು ಪ್ರಾಣಿ ಐತಿ" ಎಂದಳು. "ಆಕ್ಸೊಲಾಟಲ್ ಅಂತ ಅದರ ಹೆಸರು. ಮೆಕ್ಸಿಕೊ ದೇಶದ ಕೆರ್ಯಾಗಿಂದು. ಮುದುಕ ಆದ್ರೂ ಕೂಸಿನಂಗ ನೀರಾಗಽ ಇರತೈತಿ. ಅದರ ಕಿವಿರು ತಲಿ ಹೊರಗ, ಹೂವು ಮುಡದಂಗ ಇರತಾವ. ಮತ್ತ ಅದರ ಕಾಲು ಹೋತು ಅಂದ್ರ ಅಲ್ಲೇ ಹೊಸಾ ಕಾಲು ಬರತೈತಿ."

ರೇಣವ್ವನ ಆಕಳಿಕೆ ನಿಂತಿತು. ಎದ್ದು ನಿಂತು, ಬಹಳ ವಿನಯದಿಂದ ಕೇಳಿದಳು. "ಬಾಯಾರ, ಅದಕ್ಕ ಮಕ್ಕಳಾಗತಾವೇನ್ರಿ?"

"ಆಗತಾವ."

"ಅಂದ್ರ ಕೂಸಿಗೇ ಕೂಸು ಆಗತಾವ?"

ತರಗತಿಯೆಲ್ಲ ನಕ್ಕಿತು. ಬಾಜು ಕೋಣೆಯ ಮಕ್ಕಳು ಏನಾಯಿತೆಂದು ಗೊತ್ತಿಲ್ಲದೆಯೂ ನಕ್ಕರು. ಸಂಜೆಯೊಳಗೆ ಕೂಸಿಗೆ ಕೂಸು ಹುಟ್ಟಿದ ಸುದ್ದಿ ಸಂತೆಯವರೆಗೆ ಹೋಯಿತು, ಮರುದಿನ ಮುಖ್ಯೋಪಾಧ್ಯಾಯ ಬಸಲಿಂಗಪ್ಪನವರು ಅವಳನ್ನು ಕರೆಸಿದರು.

"ಕುಂದರ್ರಿ ಬಾಯಾರ" ಎಂದು ಅವರು ಕುರ್ಚಿ ತೋರಿಸಿದರು. ಬಹಳ ಸಮಾಧಾನದ ಮನುಷ್ಯ. ಅವರು ಸಮಾಧಾನದಿಂದ ಮಾತಾಡಿದರೆ ಎದುರಿನವರಿಗೆ ಎದೆ ನಡುಗುತ್ತಿತ್ತು. "ಪಾಲಕರು ಕೇಳಾಕತ್ತಾರ. ಬಾಯಾರು ಪಾಠ ಹೇಳತಾರೋ ಕತಿ ಹೇಳತಾರೋ ಅಂತ. ನಾ ಒಂದು ವಿಚಾರ ಮಾಡೀನಿ. ದೀಪಾವಳಿ ಸೂಟಿ ಆದಮ್ಯಾಲೆ ವಿಜ್ಞಾನ ನಮ್ಮ ಡ್ರಿಲ್ ಮಾಸ್ತರ ಹಣಮಪ್ಪ ನೋಡಕೊಳ್ಳಿ. ನೀವು ಹೊಲಿಗಿ, ಹಾಡು ತಗೊಳ್ರಿ."

ಅಕ್ಕಾತಾಯಿಗೆ ಗುಂಡಿ ಹಚ್ಚಲೂ ಬರುತ್ತಿರಲಿಲ್ಲ. ಹಾಡಂತೂ ಗಂಡ ಬಾಹುಬಲಿಯೇ ಕೈ ಮುಗಿದು ಬೇಡವೆಂದಿದ್ದ. ಆದರೆ ಅವಳ ಕಣ್ಣಲ್ಲಿ ನೀರು ತಂದದ್ದು ಅದಲ್ಲ. ಖರೇ ಹೇಳಿ ಸುಳ್ಳುಗಾರ್ತಿ ಅನ್ನಿಸಿಕೊಂಡದ್ದು.

"ತಂದು ತೋರಸ್ತೀನ್ರಿ ಸರ್" ಎಂದುಬಿಟ್ಟಳು. "ಅದನ್ನ ಇಲ್ಲೇ, ಮಕ್ಕಳ ಮುಂದ ಇಡತೀನಿ."

ಬಸಲಿಂಗಪ್ಪನವರು ಕನ್ನಡಕದ ಮೇಲಿಂದ ನೋಡಿದರು. "ತರ್ರಿ. ಆದ್ರ ಈಗ ಪರೀಕ್ಷಾ ಅದಾವ. ಅವು ಮುಗಿಯೂತನಾ ನಿಮ್ಮ ಪ್ರಾಣಿ ಸಾಲಿ ಮೆಟ್ಟಲಾ ಹತ್ತೂದು ಬ್ಯಾಡ."

ಅವಳ ಧೈರ್ಯಕ್ಕೆ ಕಾರಣ ತಮ್ಮ ಶ್ರೀಪಾಲ. ಪುಣೆಯ ಒಂದು ಕಾಲೇಜಿನ ಪ್ರಾಣಿಶಾಸ್ತ್ರ ವಿಭಾಗದಲ್ಲಿ ಅವನಿಗೆ ನೌಕರಿ, ಅಲ್ಲಿಯ ತೊಟ್ಟಿಯಲ್ಲಿ ಈ ಪ್ರಾಣಿಗಳನ್ನು ಸಾಕಿದ್ದರು. ಚೌತಿಗೆ ಬರುವಾಗ ಒಂದನ್ನು ಕೇಳಿ ತಾ ಎಂದು ಕಾಗದ ಹಾಕಿದಳು. ಅವನು ರಾತ್ರಿಯೆಲ್ಲ ರೈಲಿನಲ್ಲಿ ಒಂದು ಡಬ್ಬಿಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತು ಬಂದ. ಟಿಳಕವಾಡಿಯ ಮನೆಯ ಹಿತ್ತಲಿನಲ್ಲಿ, ಮಣ್ಣಿನ ಅಗಲ ಬಾಯಿಯ ಬಾನಿಗೆ ಅದನ್ನು ಇಳಿಸಿದಾಗ ಅಕ್ಕಾತಾಯಿ ಬಾನಿಯ ಮೇಲೆ ಬಾಗಿದಳು. ಗೇಣುದ್ದದ ಮೈ, ಹಾಲಿನ ಬಿಳುಪು. ತಲೆಯ ಎರಡೂ ಕಡೆ ಕೆಂಪು ಕಿವಿರಿನ ಕುಚ್ಚು. ರೆಪ್ಪೆಯಿಲ್ಲದ ಸಾಸಿವೆಯಂಥ ಕಣ್ಣು. ಅಗಲವಾದ ಬಾಯಿ, ಯಾವುದೋ ಗುಟ್ಟು ಗೊತ್ತಿದ್ದವರ ಹಾಗೆ ಸುಮ್ಮನೆ ನಗುತ್ತಿತ್ತು. ಆಮೇಲೆ ಅವಳು ಕಾಲು ಎಣಿಸಿದಳು.

"ಶ್ರೀಪಾಲ, ಮೂರಽ ಅದಾವಲ್ಲೋ."

"ತೊಟ್ಟ್ಯಾಗ ಜೋಡಿದು ಕಡದೈತಕ್ಕಾ" ಎಂದು ಅವನು ತಲೆ ಕೆರೆದುಕೊಂಡ. "ಮುಂದಿನ ಬಲಗಾಲು. ಬರತೈತಿ ಬಿಡು. ಸರಿಯಾಗಿ ತಿಂದ್ರ ದೀಪಾವಳಿಗೆ ಪೂರಾ ಬರತೈತಿ. ನಳದ ನೀರಾಗ ಬ್ಲೀಚಿಂಗ್ ಪುಡಿ ಹಾಕಿರತಾರ, ಅದನ್ನ ಹಾಕಬ್ಯಾಡ. ಬಾವಿ ನೀರು ತಣ್ಣಗಿರಲಿ."

"ಏನು ತಿಂತೈತಿ?"

ಶ್ರೀಪಾಲ ಅಡಿಗೆಮನೆಯ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದ. "ಎರಿಹುಳ. ಜೀವಂತ."

"ನೀ ಹಾಕತಿದ್ದೇನೋ?"

"ಛೇ, ನಾ ಯಾಕ ಹಾಕಲಿ. ನಮ್ಮ ಸಿಪಾಯಿ ಹಾಕತಾನ. ನಾ ಆಗ ಹೊರಗ ಹೋಗಿ ನಿಂದರತೀನಿ" ಎಂದ, ಬಹಳ ಪುಣ್ಯದ ಕೆಲಸ ಹೇಳಿದವನ ಹಾಗೆ. ಚೌತಿಯ ಮರುದಿನ ಅವನು ಪುಣೆಗೆ ಹೊರಟುಹೋದ. ಅವತ್ತೇ ಜೈನರ ದಶಲಕ್ಷಣ ಪರ್ವ ಶುರುವಾಯಿತು.

ದಶಲಕ್ಷಣದ ಹತ್ತು ದಿನ ಆ ಮನೆಯಲ್ಲಿ ಅತ್ತೆ ಸುಂದರಾಬಾಯಿಯ ರಾಜ್ಯ. ಉಳಿದ ದಿನವೂ ಅವರದೇ ರಾಜ್ಯ, ಆದರೆ ಈ ಹತ್ತು ದಿನ ಶಾಸ್ತ್ರದ ಬೆಂಬಲ ಇರುತ್ತಿತ್ತು. ಅವರು ಒಪ್ಪತ್ತು ಊಟ ಮಾಡುತ್ತಿದ್ದರು, ಕೆಲವು ದಿನ ಅದೂ ಇಲ್ಲ. ಗಡ್ಡೆ, ಹಸಿರುಪಲ್ಲೆ ಹೊಸ್ತಿಲು ದಾಟುತ್ತಿರಲಿಲ್ಲ. ಬಾಹುಬಲಿ ಉದ್ಯಮಬಾಗದ ಫೌಂಡ್ರಿಯಿಂದ ಸೈಕಲ್ ತುಳಿದು ಸೂರ್ಯ ಮುಳುಗುವುದರೊಳಗೆ ಊಟಕ್ಕೆ ಕೂಡಬೇಕು, ಒಂದು ಗಳಿಗೆ ತಡವಾದರೂ ತಟ್ಟೆ ಒಳಗೆ ಹೋಗಿರುತ್ತಿತ್ತು. ಬಾವಿಯ ನೀರನ್ನು ಎರಡು ಮಡಿಕೆಯ ಬಟ್ಟೆಯಲ್ಲಿ ಗಾಳಿಸಿ, ಬಟ್ಟೆಯಲ್ಲಿ ಉಳಿದ ಕಣ್ಣಿಗೆ ಕಾಣದ ಜೀವಗಳನ್ನು ಸುಂದರಾಬಾಯಿ ಮತ್ತೆ ಬಾವಿಗೇ ಬಿಡುತ್ತಿದ್ದರು, ಅವುಗಳ ಮನೆಗೆ ಅವುಗಳನ್ನು ಮುಟ್ಟಿಸುವಷ್ಟು ಕಾಳಜಿಯಿಂದ. ಆಮೇಲೆ ನೀರು ಕಾಸಿ, ಮಣ್ಣಿನ ಕೊಡದಲ್ಲಿ ಆರಿಸಿ, ಅದನ್ನೇ ಬಾನಿಗೂ ಹಾಕುತ್ತಿದ್ದರು. ಮನೆಗೆ ಬಂದ ಅತಿಥಿಗೆ ಬೇರೆ ನೀರು ಕೊಡುವುದು ಅವರಿಗೆ ಗೊತ್ತಿರಲಿಲ್ಲ.

ಅತಿಥಿಗೆ ಊಟವನ್ನೂ ಅವರೇ ಹಾಕಿದರು. ಮೊದಲ ದಿನ ಅನ್ನದ ಅಗುಳು. ಪ್ರಾಣಿ ಬಾಯಿಗೆ ಎಳೆದುಕೊಂಡು ಉಗುಳಿತು. ಎರಡನೆಯ ದಿನ ನೆನೆಸಿದ ಹೆಸರುಬೇಳೆ ಇಟ್ಟರು, ಮೂಸಲಿಲ್ಲ. ತುಪ್ಪದ ಶಿರಾವನ್ನು ಸಹ ಒಂದು ಚಿಟಿಕೆ ಬಿಟ್ಟು ನೋಡಿದರು. ಅವರ ಕೈಯ ಶಿರಾ ಬೇಡವೆಂದವರು ಟಿಳಕವಾಡಿಯಲ್ಲಿ ಅಲ್ಲಿಯವರೆಗೆ ಯಾರೂ ಇರಲಿಲ್ಲ. ಅಕ್ಕಾತಾಯಿ ಶಾಲೆಯಿಂದ ಬಂದಾಗ ಸುಂದರಾಬಾಯಿ ಬಾನಿಯ ಮುಂದೆ ಮಣೆ ಹಾಕಿಕೊಂಡು ಕೂತಿದ್ದರು, ಮುಖದ ಮೇಲೆ ಏನೋ ಬೆಳಕು.

"ಅಕ್ಕಾತಾಯಿ, ನಿನಗ ಇದರ ಗುರುತು ಹತ್ತಲಿಲ್ಲ. ನನಗ ಹತ್ತೇತಿ."

"ಏನ್ರಿ ಅತ್ತಿ?"

"ನೋಡು, ಕಣ್ಣು ಪಿಳಕಸೂದಿಲ್ಲ. ಅತ್ತಿತ್ತ ಅಲಗೂದಿಲ್ಲ. ಪರ್ವ ಶುರು ಆದಾಗಿಂದ ಒಂದು ಅಗಳು ಮುಟ್ಟಿಲ್ಲ, ಶಿರಾ ಇಟ್ರೂ ಮುಟ್ಟಿಲ್ಲ. ಮ್ಯಾಲೆ ನಗತೈತಿ." ಸುಂದರಾಬಾಯಿ ದನಿ ತಗ್ಗಿಸಿದರು. "ಇದು ಉಪವಾಸ ಹಿಡದೈತಿ. ಯಾವ ಜನ್ಮದ ಸಂಸ್ಕಾರನೋ ಏನೋ."

ಅಕ್ಕಾತಾಯಿ ಬಾಯಿ ತೆರೆದಳು. ಅದು ಉಪವಾಸವಲ್ಲ, ಅದಕ್ಕೆ ಹುಳು ಬೇಕು ಎನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು. ಆದರೆ ದಶಲಕ್ಷಣದಲ್ಲಿ, ಆ ಮನೆಯಲ್ಲಿ, ಆ ಮುಖದ ಮುಂದೆ ಹುಳುವಿನ ಮಾತು ಹೊರಡಲಿಲ್ಲ. ನಾಳೆ ಹೇಳೋಣ ಎಂದು ಸುಮ್ಮನಾದಳು.

ನಾಳೆ ಬರುವುದರೊಳಗೆ ಬಸದಿಯ ಹೆಣ್ಣುಮಕ್ಕಳು ಬಂದರು. ಸುಂದರಾಬಾಯಿ ಸುದ್ದಿಯನ್ನು ಒಬ್ಬರಿಗೆ ಹೇಳಿದ್ದರು, ಅಷ್ಟು ಸಾಕಾಗಿತ್ತು. ಮಧ್ಯಾಹ್ನದ ಪ್ರವಚನ ಮುಗಿಸಿ ದಿನಾ ಐದಾರು ಮಂದಿ ಹಿತ್ತಲಿಗೆ ಬಂದು ಬಾನಿಯೊಳಗೆ ಇಣುಕಿ ಕೈ ಮುಗಿಯುತ್ತಿದ್ದರು. "ನೀರಾಗಿನ ಜೀವಕ್ಕ ತಿಳೀತೈತಿ, ನಮ್ಮ ಹುಡುಗ್ರಿಗೆ ತಿಳಿಯೂದಿಲ್ಲ" ಎಂದು ಒಬ್ಬಾಕೆ ಕದ್ದು ಭಜಿ ತಿಂದ ಮೊಮ್ಮಗನ ಕಿವಿ ಹಿಂಡಿದಳು. ಬಾಹುಬಲಿ ಸಂಜೆ ಏದುಸಿರು ಬಿಡುತ್ತ ಬಂದು ಕೈ ತೊಳೆಯುವಾಗ ಬಾನಿಯನ್ನು ನೋಡಿ, "ನೀ ಪುಣ್ಯವಂತ ಬಿಡಪಾ, ನಿನಗ ಸೈಕಲ್ ತುಳಿಯೂ ತ್ರಾಸಿಲ್ಲ" ಎನ್ನುತ್ತಿದ್ದ.

ಅಕ್ಕಾತಾಯಿಗೆ ಮಾತ್ರ ನಗು ಬರುತ್ತಿರಲಿಲ್ಲ. ಪ್ರಾಣಿಯ ಕಿವಿರಿನ ಕೆಂಪು ದಿನದಿಂದ ದಿನಕ್ಕೆ ಮಾಸುತ್ತಿತ್ತು. ಹೊಟ್ಟೆ ಒಳಗೆ ಹೋಗಿತ್ತು. ಹೋದ ಕಾಲಿನ ಜಾಗದಲ್ಲಿ ಮೊಳಕೆಯ ಸುಳಿವೇ ಇರಲಿಲ್ಲ. ಒಂದು ಮುಂಜಾನೆ ಬಟ್ಟೆ ಒಗೆಯುವ ಕಲ್ಲಿನ ಬದಿಯ ಹೆಂಚನ್ನು ಎತ್ತಿ ನೋಡಿದಳು. ಹಸಿ ಮಣ್ಣಿನಲ್ಲಿ ಒಂದು ಎರೆಹುಳು ನಿಧಾನವಾಗಿ ಮೈ ಎಳೆದುಕೊಂಡು ಹೋಗುತ್ತಿತ್ತು. ಎತ್ತಿ ಬಾನಿಗೆ ಹಾಕಿದರೆ ಮುಗಿಯಿತು, ಯಾರೂ ನೋಡುತ್ತಿರಲಿಲ್ಲ. ಕೈ ಚಾಚಿದಳು, ಬೆರಳು ಮುಂದೆ ಹೋಗಲಿಲ್ಲ. ಹುಟ್ಟಿದಾಗಿನಿಂದ ಇರುವೆ ದಾಟಿ ನಡೆದವಳು. ಹೆಂಚನ್ನು ಇದ್ದಲ್ಲೇ, ಹುಳುವಿಗೆ ತಾಗದ ಹಾಗೆ ಇಟ್ಟು, ತನ್ನ ಮೇಲೆಯೇ ಸಿಟ್ಟಾಗಿ ಗಾಡಿಗೆ ಓಡಿದಳು.

ಹಾಕದಿದ್ದರೆ ಪ್ರಾಣಿ ಸಾಯುತ್ತದೆ, ಕಾಲು ಬೆಳೆಯುವುದಿಲ್ಲ, ಅವಳು ಖಾನಾಪುರದಲ್ಲಿ ಜನ್ಮಪೂರ್ತಿ ಸುಳ್ಳುಗಾರ್ತಿಯಾಗಿ ಉಳಿಯುತ್ತಾಳೆ. ಹಾಕಿದರೆ ಹುಳು ಸಾಯುತ್ತದೆ. ಐದನೆಯ ದಿನ ಬಸದಿಯಲ್ಲಿ ಸತ್ಯಧರ್ಮದ ಮೇಲೆ ಪ್ರವಚನವಿತ್ತು. ಪಂಡಿತರು ಗೊತ್ತಿದ್ದೂ ಹೇಳದೆ ಇರುವುದು ಕೂಡ ಒಂದು ಬಗೆಯ ಸುಳ್ಳು ಎಂದು ವಿವರಿಸುವಾಗ ಅಕ್ಕಾತಾಯಿಗೆ ಅವರು ಬೇಕಂತಲೇ ತನ್ನ ಕಡೆ ನೋಡಿದ ಹಾಗೆ ಅನ್ನಿಸಿತು. ಆದರೂ ಅವಳು ಅವತ್ತು ಹೇಳಲಿಲ್ಲ. ಮರುದಿನವೂ ಹೇಳಲಿಲ್ಲ.

ಹೇಳಿದ್ದು ಪರ್ವ ಮುಗಿದ ಮೇಲೆ, ಕ್ಷಮಾವಣಿಯ ದಿನ. ಅವತ್ತು ಮನೆಯವರು, ನೆರೆಯವರು ಒಬ್ಬರಿಗೊಬ್ಬರು ಕೈ ಮುಗಿದು, ವರ್ಷವಿಡೀ ಗೊತ್ತಿದ್ದೋ ಗೊತ್ತಿಲ್ಲದೆಯೋ ಮಾಡಿದ ತಪ್ಪನ್ನು ಕ್ಷಮಿಸಿರಿ ಎಂದು ಕೇಳಿಕೊಳ್ಳುವುದು ಪದ್ಧತಿ. ಅಕ್ಕಾತಾಯಿ ಅತ್ತೆಯ ಕಾಲು ಮುಟ್ಟಿದವಳು ಏಳಲಿಲ್ಲ.

"ಅತ್ತೀ, ಅದು ಉಪವಾಸ ಇಲ್ರಿ."

"ಯಾವುದು?"

"ಬಾನ್ಯಾಗಿಂದು. ಅದಕ್ಕ ಅನ್ನ ಬ್ಯಾಳಿ ತಿನ್ನಾಕ ಬರೂದಿಲ್ರಿ. ಅದು ಎರಿಹುಳ ತಿನ್ನೂ ಪ್ರಾಣಿ. ನನಗ ಮೊದಲ ದಿನಽ ಗೊತ್ತಿತ್ತು. ಹೇಳಾಕ ಬಾಯಿ ಬರಲಿಲ್ಲ."

ಬೈಗುಳ ಬರುತ್ತದೆ ಎಂದು ಅಕ್ಕಾತಾಯಿ ಕಾದಳು. ಅದು ಬಂದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

"ಅಂದ್ರ ಅದು ಬಿಟ್ಟಿದ್ದಲ್ಲ. ನಾವು ಕೊಡಲಿಲ್ಲ" ಎಂದರು ಸುಂದರಾಬಾಯಿ. "ಮುಂದ ಇದ್ದದ್ದು ಬಿಟ್ರ ಉಪವಾಸ ಅನಬೇಕು. ಕೊಡದಽ ಕುಂದರಿಸಿದ್ರ ಏನನಬೇಕು? ನನ್ನ ಮನ್ಯಾಗ ಪರ್ವದಾಗ ಒಂದು ಜೀವ ಹಸದು ಕುಂತಿತ್ತು, ನಾ ಮಂದಿ ಕರದು ತೋರಿಸಿದೆ."

ಅವರು ಎದ್ದು ಹಿತ್ತಲಿಗೆ ಹೋದರು. ಬಾನಿಯ ಮುಂದೆ ಕಷ್ಟಪಟ್ಟು ಮೊಣಕಾಲೂರಿ, ಮನುಷ್ಯರ ಮುಂದೆ ಮುಗಿದ ಹಾಗೆಯೇ ಕೈ ಮುಗಿದರು. "ತಪ್ಪಾತಪಾ ತಮ್ಮಾ, ನನಗ ತಿಳೀಲಿಲ್ಲ" ಎಂದರು. ಪ್ರಾಣಿ ಎಂದಿನಂತೆ ನಗುತ್ತಿತ್ತು. ಅಕ್ಕಾತಾಯಿ ಸೆರಗಿನಿಂದ ಕಣ್ಣೊರೆಸಿಕೊಂಡಳು.

ತಿರುಗಿ ಬಂದಾಗ ಸುಂದರಾಬಾಯಿ ಮತ್ತೆ ರಾಜ್ಯಭಾರಕ್ಕೆ ಕೂತಿದ್ದರು. "ನನ್ನ ಮನ್ಯಾಗ ಹುಳಾ ಬರೂದಿಲ್ಲ. ನನ್ನ ಮನ್ಯಾಗ ಅದು ಸಾಯೂದೂ ಬ್ಯಾಡ. ನಿಮ್ಮ ಪರೀಕ್ಷಾ ಮುಗದಾವಲ್ಲ, ನಾಳೆ ಮುಂಜಾನೆ ಗಾಡಿಗೆ ಒಯ್ಯಿ. ಅಲ್ಲೆ ಅದು ಏನು ತಿಂತೈತಿ ಅಂತ ನಾ ಕೇಳೂದಿಲ್ಲ, ನೀನೂ ಹೇಳಬ್ಯಾಡ. ನೀರು ಮಾತ್ರ ನಾ ಕಳಸ್ತೀನಿ."

ಹೀಗೆ ಆಕ್ಸೊಲಾಟಲ್ ಖಾನಾಪುರಕ್ಕೆ ಬಂತು. ಅಕ್ಕಾತಾಯಿಯ ಒಂದು ಕೈಯಲ್ಲಿ ಡಬ್ಬಿ, ಇನ್ನೊಂದು ಕೈಯಲ್ಲಿ ನೀರಿನ ಕ್ಯಾನು. ಸ್ಟೇಷನ್ನಿನಲ್ಲಿ ಸಿದರಾಯ, "ಬಾಯಾರ, ಇವತ್ತ ಸುದ್ದಿ ಡಬ್ಬ್ಯಾಗ ತಂದಿರೇನ್ರಿ?" ಎಂದ. ಏಳನೇ ಇಯತ್ತೆಯ ಕೋಣೆಯ ಮೂಲೆಯಲ್ಲಿ ಒಂದು ಬಾನಿ ಇಡಿಸಿ, ಅದರೊಳಗೆ ಪ್ರಾಣಿಯನ್ನು ಬಿಟ್ಟು, ಅವಳು ಮಕ್ಕಳನ್ನು ಸುತ್ತ ನಿಲ್ಲಿಸಿದಳು.

ಯಾರೂ ನಗಲಿಲ್ಲ. ಬಿಳಿಯ ಮೈ ಒಮ್ಮೆ ಬಳುಕಿತು, ಮಾಸಿದ ಕುಚ್ಚುಗಳು ಅಲುಗಾಡಿದವು. "ಅಯ್ಯ, ಇದಕ್ಕ ಕೈ ಅದಾವ" ಎಂದು ಒಬ್ಬ ಹುಡುಗ ಉಸುರಿದ. ಸುದ್ದಿ ಹಬ್ಬಿ ಬಾಜು ಮರಾಠಿ ಶಾಲೆಯ ಮಕ್ಕಳೂ ಕಿಟಕಿಗೆ ಜೋತುಬಿದ್ದರು. ಅಕ್ಕಾತಾಯಿಗೆ ಎಷ್ಟೋ ದಿನದ ಮೇಲೆ ಉಸಿರು ಸಲೀಸಾಯಿತು. ಮುಂದಿನ ಕೈಗೆ ನಾಲ್ಕು ಬೆರಳು, ಹಿಂದಿನ ಕಾಲಿಗೆ ಐದು ಬೆರಳು ಎಂದು ತೋರಿಸತೊಡಗಿದಳು.

"ಬಾಯಾರ" ಎಂದಳು ರೇಣವ್ವ. "ಬಲಗೈ ಇಲ್ರಿ."

"ಇನ್ನೊಂದು ಪ್ರಾಣಿ ಕಡದೈತಿ. ಬರತೈತಿ. ದೀಪಾವಳಿಗೆ ಪೂರಾ ಬರತೈತಿ."

ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿದರು. ಕಿಟಕಿಯಾಚೆ ಯಾರೋ ಮೆತ್ತಗೆ, "ಟಿಳಕವಾಡಿ ಸುದ್ದಿ" ಎಂದರು. ಆಗ ಎಲ್ಲರೂ ನಕ್ಕರು. ಹಿಂದೆ ಬಾಗಿಲಲ್ಲಿ ನಿಂತಿದ್ದ ಬಸಲಿಂಗಪ್ಪನವರು ನಗಲಿಲ್ಲ. "ದೀಪಾವಳಿ ಅಂದ್ರ ದೂರಿಲ್ಲ ಬಾಯಾರ, ನೋಡೂಣು" ಎಂದಷ್ಟೇ ಹೇಳಿ ಹೋದರು.

ಅದು ಏನು ತಿನ್ನುತ್ತದೆ ಎಂದು ಮಕ್ಕಳು ಕೇಳಿದಾಗ ಅಕ್ಕಾತಾಯಿ ಗಂಟಲು ಸರಿಮಾಡಿಕೊಂಡು, "ಎರಿಹುಳ ತಿಂತೈತಿ ಅಂತ ಪುಸ್ತಕದಾಗ ಐತಿ" ಎಂದಳು. ಪಾಪವನ್ನು ಪುಸ್ತಕದ ತಲೆಗೆ ಕಟ್ಟಿದಳು. ಮರುದಿನ ರೇಣವ್ವ ತೆಂಗಿನ ಚಿಪ್ಪಿನಲ್ಲಿ ಹಸಿ ಮಣ್ಣು, ಮಣ್ಣಿನೊಳಗೆ ಹುಳು ತಂದಳು. ಅವಳು ಒಂದನ್ನು ಬೆರಳಲ್ಲಿ ಎತ್ತುತ್ತಿದ್ದ ಹಾಗೆ ಬಾಯಾರಿಗೆ ಹಲಗೆಯ ಮೇಲೆ ತಾರೀಖು ಬರೆಯುವುದು ನೆನಪಾಯಿತು. ಬೆನ್ನ ಹಿಂದೆ ನೀರು ಗುಳುಂ ಅಂದಿತು, ಮಕ್ಕಳು ಹೋ ಎಂದರು, ಅಕ್ಕಾತಾಯಿ ಇಸವಿಯ ಕೊನೆಯ ಅಂಕಿಯನ್ನು ಎರಡು ಸಲ ತಿದ್ದಿದಳು.

ಅದು ದಿನದ ಪದ್ಧತಿಯಾಯಿತು. ಮುಂಜಾನೆ ಪ್ರಾರ್ಥನೆಯಾದ ಮೇಲೆ ರೇಣವ್ವ ಚಿಪ್ಪು ತೆಗೆಯುತ್ತಿದ್ದಳು. ತೆಗೆಯುವ ಮೊದಲು, "ಬಾಯಾರ, ಹಲಗಿ" ಎಂದು ಎಚ್ಚರಿಸುತ್ತಿದ್ದಳು. ಬಾಯಾರು ಹಲಗೆಗೆ ಮುಖ ಮಾಡುತ್ತಿದ್ದರು. ಆ ದಿನಗಳಲ್ಲಿ ಬರೆದಷ್ಟು ಅಂದವಾದ ತಾರೀಖನ್ನು ಆ ಶಾಲೆಯಲ್ಲಿ ಮುಂದೆ ಯಾರೂ ಬರೆಯಲಿಲ್ಲ. ಮಕ್ಕಳಿಗೆ ಕಾರಣ ಗೊತ್ತಿತ್ತು, ಬಾಯಾರು ಜೈನರು, ಅವರಿಗೆ ಆಗುವುದಿಲ್ಲ ಎಂದು ತಾವೇ ಸಣ್ಣವರಿಗೆ ತಿಳಿಸಿ ಹೇಳುತ್ತಿದ್ದರು. ಸುಂದರಾಬಾಯಿಯ ನೀರು ತಪ್ಪದೆ ಗಾಡಿಯಲ್ಲಿ ಬರುತ್ತಿತ್ತು. ಕಿವಿರು ಮತ್ತೆ ಕೆಂಪೇರಿತು. ಹೊಟ್ಟೆ ದುಂಡಗಾಯಿತು. ದಸರೆಯ ಮುಂಚೆ ಒಂದು ದಿನ ಹೋದ ಕಾಲಿನ ಜಾಗದಲ್ಲಿ ಜೋಳದ ಕಾಳಿನಷ್ಟು ಒಂದು ಗುಬುಟು ಕಂಡಿತು.

ಗುಬುಟನ್ನು ಮೊದಲು ಕಂಡವಳು ರೇಣವ್ವ. ಬಾನಿಯ ಮೇಲೆ ಬಹಳ ಹೊತ್ತು ಬಾಗಿ ನಿಂತು, ಆಮೇಲೆ ಕೈಯಲ್ಲಿದ್ದ ಹುಳುವನ್ನು ನೋಡಿ, ಹಲಗೆಗೆ ಮುಖ ಮಾಡಿದ್ದ ಬಾಯಾರನ್ನು ನೋಡಿ ಕೇಳಿದಳು.

"ಬಾಯಾರ, ನೀವು ಆ ಕಡೆ ನೋಡಿದ್ರ ಹುಳಾ ಸಾಯೂದಿಲ್ಲೇನ್ರಿ?"

ಅದರಲ್ಲಿ ಕುಚೋದ್ಯವಿರಲಿಲ್ಲ. ಕಪ್ಪೆಯ ಬಾಲ ಎಲ್ಲಿ ಹೋಗುತ್ತದೆ ಎಂದು ಕೇಳುವ ಹಾಗೆಯೇ, ತಿಳಿಯಬೇಕೆಂದು ಕೇಳಿದ್ದಳು. ಹಲಗೆಯ ಮೇಲೆ ಬರೆಯುತ್ತಿದ್ದ ಅಕ್ಕಾತಾಯಿಯ ಕೈಯ ಖಡು ನಿಂತಿತು. ಹುಳು ಹಾಕುವಾಗ ಹೊರಗೆ ಹೋಗಿ ನಿಲ್ಲುವ ತಮ್ಮ ನೆನಪಾದ. ಅವನನ್ನು ನೆನೆದು ಮನಸ್ಸಿನಲ್ಲಿ ಎಷ್ಟು ನಕ್ಕಿದ್ದಳೋ ಅಷ್ಟೂ ನಗು ಈಗ ತನ್ನ ಮೇಲೆ ತಿರುಗಿತು, ನಾಚಿಕೆಯಿಂದ ಕಿವಿ ಬಿಸಿಯಾದವು. ನನ್ನನ್ನು ನಂಬಿರಿ ಎಂದು ಇಷ್ಟು ದಿನ ಬಡಿದಾಡಿದವಳು ನಾನು, ಆದದ್ದನ್ನು ಆಗಿಲ್ಲವೆಂದು ಗೋಡೆ ನೋಡಿದವಳೂ ನಾನೇ.

ಖಡು ಇಟ್ಟು, ಬಾನಿಯ ಹತ್ತಿರ ಬಂದು ಮಕ್ಕಳ ನಡುವೆ ಕೂತಳು.

"ಸಾಯತೈತಿ" ಎಂದಳು. "ಹುಳಾ ಸಾಯತೈತಿ, ಅದರಿಂದಽ ಇದರ ಕಾಲು ಬೆಳೀತೈತಿ. ನನಗ ನೋಡಾಕ ಧೈರ್ಯ ಇರಲಿಲ್ಲ, ಅದಕ್ಕ ಆ ಕಡೆ ನೋಡತಿದ್ದೆ. ಹಾಕು ರೇಣವ್ವಾ, ನಾ ನೋಡತೀನಿ."

ರೇಣವ್ವ ಹಾಕಿದಳು. ಹುಳು ನೀರಿನಲ್ಲಿ ಸುತ್ತಿಕೊಳ್ಳುತ್ತ ಇಳಿಯಿತು. ನಗುವ ಬಾಯಿ ಒಮ್ಮೆಗೇ ತೆರೆಯಿತು, ಮುಚ್ಚಿತು. ಅಷ್ಟೇ. ಅಕ್ಕಾತಾಯಿ ಕಣ್ಣು ತೆಗೆಯಲಿಲ್ಲ. ಮಕ್ಕಳು ಅವತ್ತು ಹೋ ಎನ್ನಲಿಲ್ಲ. ಅವರ ಕಣ್ಣು ಪ್ರಾಣಿಯ ಮೇಲಿರಲಿಲ್ಲ, ಬಾಯಾರ ಮುಖದ ಮೇಲಿತ್ತು. ಅವತ್ತಿನಿಂದ ಅವಳು ಗಂಟೆಯ ಕೊನೆಗೆ ಯಾವ ಪ್ರಾಣಿಯನ್ನು ತಂದರೂ ತರಗತಿಯಲ್ಲಿ ಯಾರೂ ಬಾಯಿಗೆ ಕೈ ಅಡ್ಡ ಹಿಡಿಯಲಿಲ್ಲ.

ಗುಬುಟು ಮೊಳಕೆಯಾಯಿತು, ಮೊಳಕೆ ಕಡ್ಡಿಯಾಯಿತು, ಕಡ್ಡಿಯ ತುದಿಯಲ್ಲಿ ಬೆರಳು ಒಡೆದವು. ದೀಪಾವಳಿಯ ಸೂಟಿಗೆ ಮುಂಚಿನ ದಿನ ಬಸಲಿಂಗಪ್ಪನವರು ಬಂದು, ಕನ್ನಡಕ ಒರೆಸಿ, ಬಾನಿಯ ಮೇಲೆ ಬಾಗಿದರು. ರೇಣವ್ವ ಗಟ್ಟಿಯಾಗಿ ಎಣಿಸಿದಳು. ನಾಲ್ಕು ಕಾಲು, ಹೊಸ ಕೈಗೆ ಪೂರಾ ನಾಲ್ಕು ಬೆರಳು.

"ಹಣಮಪ್ಪಗ ಡ್ರಿಲ್ಲಽ ಛಲೋ" ಎಂದರು ಬಸಲಿಂಗಪ್ಪನವರು. ಹೊರಗೆ ಹೋದವರು ಮತ್ತೆ ಒಳಗೆ ತಲೆ ಹಾಕಿ, "ಬಾಯಾರ, ಕೂಸಿಗೆ ಕೂಸು ಆಗೂದೂ ಖರೇನೇನ್ರಿ?" ಎಂದು ಕೇಳಿದರು. ಖರೇ ಎಂದು ಇಡೀ ತರಗತಿ ಉತ್ತರಿಸಿತು. ಸೂಟಿಯಲ್ಲಿ ಪ್ರಾಣಿಯನ್ನು ನೋಡಿಕೊಳ್ಳಲು ರೇಣವ್ವ ಮನೆಗೆ ಒಯ್ದಳು. ಬಾಯಾರಿಂದ ಕೇಳಿ ತಿಳಿದ ಹಾಗೆ ಅವ್ವನ ಹಳೆಯ ಸೀರೆಯಲ್ಲಿ ನೀರು ಗಾಳಿಸಿ, ಸೀರೆಯಲ್ಲಿ ಉಳಿದ ಜೀವಗಳನ್ನು ಭಕ್ತಿಯಿಂದ ಬಾವಿಗೆ ಬಿಟ್ಟು, ಅದೇ ಕೈಯಿಂದ ಹುಳು ಹಾಕುತ್ತಿದ್ದಳಂತೆ.

ಬೆರಳು ಎಣಿಸಿದ ದಿನ ಸಂಜೆ ಸುಂದರಾಬಾಯಿ ಖಾಲಿ ಕ್ಯಾನು ಇಸಕೊಳ್ಳುತ್ತ ದಿನದ ಒಂದೇ ಪ್ರಶ್ನೆ ಕೇಳಿದರು. "ಕಾಲು?"

"ಪೂರಾ ಬಂತ್ರಿ ಅತ್ತಿ. ಮತ್ತ ಒಂದು ಮಾತು. ಅದು ಹುಳಾ ತಿನ್ನೂದು ನಾ ಕಣ್ಣಾರೆ ನೋಡೀನಿ. ಮೊದಮೊದಲು ಹಲಗಿ ಕಡೆ ಮುಖಾ ಮಾಡತಿದ್ದೆ, ಆಮ್ಯಾಲೆ ಬಿಟ್ಟೆ."

ಸುಂದರಾಬಾಯಿ ಕ್ಯಾನಿನ ಮುಚ್ಚಳ ತಿರುಗಿಸುತ್ತ ನಿಂತರು. "ನೀ ಹಲಗಿ ನೋಡಿದಿ. ನಾ ಇಷ್ಟು ದಿನ ಕೇಳಽ ಇಲ್ಲ. ಎರಡೂ ಒಂದಽ ಆತು" ಎಂದು ಒಳಗೆ ಹೋದರು.

ದೀಪಾವಳಿಯ ಬೆಳಿಗ್ಗೆ ಬಸದಿಯಲ್ಲಿ ಮಹಾವೀರರ ನಿರ್ವಾಣದ ಪೂಜೆ ಮುಗಿದು ಲಾಡು ಹಂಚುವಾಗ, ಹೆಣ್ಣುಮಕ್ಕಳು ಸುಂದರಾಬಾಯಿಯ ಸುತ್ತ ಕೂಡಿ, ನಿಮ್ಮ ಉಪವಾಸದ ಜೀವ ಹೇಗಿದೆ ಎಂದು ವಿಚಾರಿಸಿದರು. ಸುಂದರಾಬಾಯಿ ಲಾಡು ಕೆಳಗಿಟ್ಟರು.

"ಅದು ಉಪವಾಸ ಇರಲಿಲ್ರವ್ವಾ" ಎಂದರು, ಎಲ್ಲರಿಗೂ ಕೇಳುವ ಹಾಗೆ. "ಅದು ಹುಳಾ ತಿನ್ನೂ ಪ್ರಾಣಿ. ನಾವು ಕೊಡಲಿಲ್ಲ, ಹಸದು ಕುಂತಿತ್ತು. ನಾ ತಿಳೀದಽ ನಿಮಗ ಸುಳ್ಳು ಹೇಳಿದೆ."

ಎಲ್ಲರಿಗಿಂತ ಹಿರಿಯಳಾದ ಒಬ್ಬ ಮುದುಕಿ ಅವರ ಕೈ ಹಿಡಿದುಕೊಂಡಳು. "ನೋಡ್ರಿ ಈಕಿ ಮನಸ್ಸು" ಎಂದಳು. "ಹೆಮ್ಮಿ ಬರಬಾರದಂತ ಹೆಂಗ ಮಾತು ತೇಲಿಸ್ತಾಳ. ಅಂಥಾ ಶಾಂತ ಜೀವ ಹುಳಾ ತಿಂತೈತಂತ." ಉಳಿದವರು ಹೌದು ಹೌದೆಂದು ತಲೆ ಆಡಿಸಿ ನಕ್ಕರು. ಸುಂದರಾಬಾಯಿ ಖರೇ ಎಂದರು, ಆಣೆಯೊಂದನ್ನು ಬಿಟ್ಟು ಎಲ್ಲ ಹೇಳಿದರು. ಹೇಳಿದಷ್ಟೂ ಅವರ ವಿನಯದ ಕೀರ್ತಿ ಹೆಚ್ಚಿತು.

ಮನೆಯ ದಾರಿಯಲ್ಲಿ ಅತ್ತೆ ಬಹಳ ಹೊತ್ತು ಬಿರಬಿರನೆ ನಡೆದರು. ಸೊಸೆ ನಗುವನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದು ಹಿಂದೆ ನಡೆದಳು.

"ಅಲ್ಲ ಅಕ್ಕಾತಾಯಿ, ಖರೇ ಹೇಳಿದ್ರ ಮಂದಿ ನಗತಾರಲ್ಲ."

"ಹೌದ್ರಿ ಅತ್ತಿ. ನಗತಾರ."

"ಮತ್ತ ನೀ ಏನ ಮಾಡಿದಿ?"

"ತಂದು ತೋರಿಸಿದೆನ್ರಿ."

ಸುಂದರಾಬಾಯಿ ರಸ್ತೆಯ ನಡುವೆ ನಿಂತುಬಿಟ್ಟರು. ತೋರಿಸುವುದೆಂದರೆ ಏನು ತೋರಿಸಬೇಕಾಗುತ್ತದೆ ಎನ್ನುವುದು ಅವರಿಗೆ ಆಗ ಹೊಳೆಯಿತು. ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದರು, ಬಿಚ್ಚಿದರು.

"ಮಂದಿಗೆ ತೋರಸೂದು ಆಮ್ಯಾಲೆ" ಎಂದರು. "ಮೊದಲ ನಾ ನೋಡಬೇಕು. ಸಾಲಿ ಶುರು ಆದ ದಿನ ನಿನ್ನ ಗಾಡ್ಯಾಗ ನನಗೂ ಒಂದು ಜಾಗಾ ಹಿಡಿ. ನೀರಿನ ಕ್ಯಾನು ನಾನಽ ಹಿಡಕೋತೀನಿ."